ಕೊನೆಗಾಲದ ಆಯ್ಕೆಗಳು: ಒಂದನ್ನು ಹಿಡಿದರೆ ಯಾವುದು ಕೈತಪ್ಪುತ್ತದೆ

ಮನೆಯಲ್ಲಿ ಸಾವಿನ ಮಾತು ತೆಗೆದರೆ ಸಾಕು, ಯಾರಾದರೊಬ್ಬರು "ಬಿಡ್ತು ಅನ್ನು" ಅಂತಾರೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ಆಮೇಲೆ ಒಂದು ದಿನ ಐಸಿಯು ಬಾಗಿಲಲ್ಲಿ ಡಾಕ್ಟರು ನಿಂತು "ವೆಂಟಿಲೇಟರ್ ಹಾಕಬೇಕಾ, ಬೇಡವಾ? ಬೇಗ ಹೇಳಿ" ಅಂತ ಕೇಳುತ್ತಾರೆ. ಹಾಸಿಗೆಯಲ್ಲಿರುವವರಿಗೆ ಮಾತಾಡಲು ಆಗುವುದಿಲ್ಲ. ಹೊರಗೆ ನಿಂತ ಮಕ್ಕಳಿಗೆ ಅಪ್ಪನ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಿಲ್ಲ. ಒಬ್ಬರು ಹಾಕಿ ಅಂತಾರೆ, ಇನ್ನೊಬ್ಬರು ಅಳುತ್ತಾರೆ.

ಆ ಹೊತ್ತು ಬರುವ ಮುಂಚೆ ಕೂತು ಯೋಚಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕಿತ್ಸೆಯ ವಿಷಯ ಡಾಕ್ಟರ ಹತ್ತಿರ, ಉಯಿಲಿನ ವಿಷಯ ವಕೀಲರ ಹತ್ತಿರ, ದಹನವೋ ದಫನವೋ ಅನ್ನುವುದು ನೆಂಟರ ಹತ್ತಿರ, ಹೀಗೆ ನಾವು ಇವನ್ನು ಬೇರೆ ಬೇರೆ ಮಾಡಿ ನೋಡುತ್ತೇವೆ. ಆದರೆ ಇವು ಒಂದಕ್ಕೊಂದು ಸೇರಿಕೊಂಡೇ ಇವೆ. ಕೊನೆಯ ದಿನಗಳನ್ನು ಎಲ್ಲಿ ಕಳೆಯುತ್ತೀರಿ ಅನ್ನುವುದರ ಮೇಲೆ ಏನು ದಾನ ಮಾಡಬಹುದು ಅನ್ನುವುದು ನಿಂತಿದೆ. ಮರಣ ಪ್ರಮಾಣಪತ್ರಕ್ಕೆ ಸಹಿ ಯಾರು ಹಾಕುತ್ತಾರೆ ಅನ್ನುವುದು ದೇಹದಾನ ನಡೆಯುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸಬಹುದು. ಹಾಗಾಗಿ ಪ್ರತಿಯೊಂದು ಆಯ್ಕೆಯ ಜೊತೆಗೆ ಅದು ಯಾವ ಬಾಗಿಲು ಮುಚ್ಚುತ್ತದೆ ಅಂತಲೂ ಹೇಳುತ್ತಾ ಹೋಗುತ್ತೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ನೀವಿರುವ ಕಡೆಯ ನಿಯಮವನ್ನು ಒಮ್ಮೆ ವಿಚಾರಿಸಿಕೊಳ್ಳಿ.

ಎಲ್ಲಿ: ಮನೆಯಲ್ಲೋ, ಆಸ್ಪತ್ರೆಯಲ್ಲೋ, ಹಾಸ್ಪೈಸ್‌ನಲ್ಲೋ

ಕೇಳಿದರೆ ಹೆಚ್ಚಿನವರು "ನನ್ನ ಮನೆಯಲ್ಲೇ" ಅಂತಾರೆ. ಅದು ಆರೋಗ್ಯವಾಗಿರುವಾಗ ಕೊಡುವ ಉತ್ತರ. ತಪ್ಪೇನಲ್ಲ, ಆದರೆ ಅದರ ಹಿಂದೆ ಏನೆಲ್ಲ ಬೇಕು ಅಂತ ಯೋಚಿಸಿ ಕೊಟ್ಟ ಉತ್ತರವಲ್ಲ.

ಮನೆಯಲ್ಲಿ ನೋಡಿಕೊಳ್ಳುವುದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಮಲಗಿದಲ್ಲೇ ಇರುವವರನ್ನು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಡಯಾಪರ್ ಬದಲಿಸಬೇಕು, ಮೈ ಒರೆಸಬೇಕು. ಬಾಯಿ ಒಣಗದ ಹಾಗೆ ಒದ್ದೆ ಹತ್ತಿಯಿಂದ ತುಟಿ, ನಾಲಿಗೆ, ಒಸಡು ಸವರುತ್ತಾ ಇರಬೇಕು. ಇದನ್ನು ಹಗಲು ರಾತ್ರಿ ಮಾಡಲು ಕನಿಷ್ಠ ಇಬ್ಬರು ಬೇಕು. ಮೂವರಿದ್ದರೆ ಒಬ್ಬರಿಗಾದರೂ ನಿದ್ದೆ ಸಿಗುತ್ತದೆ.

ಇಷ್ಟಿದ್ದರೂ ಮನೆಯ ಯೋಜನೆ ಮುರಿದುಬೀಳುವುದು ಸಾಮಾನ್ಯವಾಗಿ ರಾತ್ರಿ ಹೊತ್ತು. ಎರಡು ಗಂಟೆ ರಾತ್ರಿಗೆ ಉಸಿರು ಕಟ್ಟಿದಂತಾಗುತ್ತದೆ, ಅಥವಾ ನೋವು ತಡೆಯಲಾಗುವುದಿಲ್ಲ. ಮನೆಯಲ್ಲಿ ಔಷಧಿ ಇಲ್ಲ, ಡಾಕ್ಟರ ಫೋನು ಎತ್ತುವವರಿಲ್ಲ. ಆಂಬುಲೆನ್ಸ್ ಕರೆಯುತ್ತಾರೆ. ಬೆಳಗಾಗುವಷ್ಟರಲ್ಲಿ "ನನ್ನನ್ನು ಆಸ್ಪತ್ರೆಗೆ ಒಯ್ಯಬೇಡಿ" ಅಂದಿದ್ದವರು ಐಸಿಯುನಲ್ಲಿ ಇರುತ್ತಾರೆ. ಇದರಲ್ಲಿ ಮನೆಯವರ ತಪ್ಪಿಲ್ಲ. ಕೈಯಲ್ಲಿ ಔಷಧಿ ಇಲ್ಲದೆ ಯಾರೂ ಆ ಒದ್ದಾಟವನ್ನು ಸುಮ್ನೆ ನೋಡುತ್ತಾ ಕೂರಲಾರರು.

ಅದಕ್ಕೇ ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್‌ನ ಡಾಕ್ಟರುಗಳು ಮುಂಚೆಯೇ ಒಂದು ಔಷಧಿ ಡಬ್ಬ ಮಾಡಿಡುತ್ತಾರೆ. ನೋವಿಗೆ ಮತ್ತು ಉಬ್ಬಸಕ್ಕೆ ಮಾರ್ಫಿನ್, ಚಡಪಡಿಕೆಗೆ ಮಿಡಾಜೋಲಾಂನಂಥ ಔಷಧಿ, ವಾಂತಿಗೆ ಒಂದು, ಗಂಟಲಲ್ಲಿ ಕಫ ಗೊರಗುಟ್ಟುವುದಕ್ಕೆ ಒಂದು. ಯಾವುದು, ಎಷ್ಟು, ಯಾವಾಗ ಅಂತ ಬರೆದಿರುತ್ತದೆ. ಮನೆಯನ್ನು ಆರಿಸುವ ಮುಂಚೆ ಡಾಕ್ಟರಿಗೆ ಎರಡೇ ಪ್ರಶ್ನೆ ಕೇಳಿ: ರಾತ್ರಿ ಫೋನು ಎತ್ತುವವರು ಯಾರು? ಈ ಡಬ್ಬ ನಮಗೆ ಸಿಗುತ್ತದಾ? ಎರಡಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಮನೆಯ ಯೋಜನೆಯನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಕೊನೆಯ ಕೆಲವು ದಿನ ಹೇಗಿರುತ್ತದೆ ಅಂತ ಮನೆಯವರಿಗೆ ಮುಂಚೆ ಗೊತ್ತಿರಬೇಕು. ಊಟ ಕಮ್ಮಿಯಾಗುತ್ತಾ ನಿಂತೇಹೋಗುತ್ತದೆ. ನಿದ್ದೆ ಜಾಸ್ತಿಯಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮೊಣಕಾಲು ಪಾದಗಳ ಮೇಲೆ ನೇರಳೆ ಬಣ್ಣದ ಮಚ್ಚೆಗಳು ಕಾಣಬಹುದು. ಉಸಿರು ಜೋರಾಗಿ, ಆಮೇಲೆ ಮೆಲ್ಲಗಾಗಿ, ಕೆಲವು ಸೆಕೆಂಡು ನಿಂತು ಮತ್ತೆ ಶುರುವಾಗುತ್ತದೆ. ಗಂಟಲಿನ ಗೊರಗೊರ ಸದ್ದು ಕೇಳುವವರಿಗೆ ಭಯಂಕರ, ಆದರೆ ಪ್ರಜ್ಞೆ ತಪ್ಪಿರುವವರಿಗೆ ಅದರಿಂದ ಸಂಕಟವಾಗುವುದಿಲ್ಲ ಅಂತಲೇ ಡಾಕ್ಟರುಗಳ ತಿಳುವಳಿಕೆ. ಮಗ್ಗುಲಿಗೆ ತಿರುಗಿಸಿ ತಲೆ ಸ್ವಲ್ಪ ಎತ್ತರಿಸಿದರೆ ಸದ್ದು ಎಷ್ಟೋ ಕಮ್ಮಿಯಾಗುತ್ತದೆ. ಇದು ಗೊತ್ತಿರುವ ಮನೆಯವರು ಗಾಬರಿಯಾಗಿ ಆಂಬುಲೆನ್ಸ್ ಕರೆಯುವುದಿಲ್ಲ, ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುತ್ತಾರೆ.

ಆಸ್ಪತ್ರೆಯನ್ನು ದೂರುವುದು ಸುಲಭ. ಆದರೆ ಗುಣವಾಗುವ ಕಾಯಿಲೆಗೆ ಆಸ್ಪತ್ರೆಯೇ ಸರಿ. ವಯಸ್ಸಾದವರಿಗೆ ಜ್ವರ ಬಂದು ನ್ಯುಮೋನಿಯಾ ಆದ ತಕ್ಷಣ "ಕೊನೆಗಾಲ ಬಂತು" ಅಂದುಕೊಂಡು ಮನೆಯಲ್ಲೇ ಇಟ್ಟುಕೊಳ್ಳುವುದು ಅನ್ಯಾಯ. ಏನಾಗಿದೆ ಅಂತಲೇ ಗೊತ್ತಿಲ್ಲದಾಗಲೂ ಅಷ್ಟೆ. ತೊಂದರೆ ಶುರುವಾಗುವುದು ಕಾಯಿಲೆ ಗುಣವಾಗುವ ಹಂತ ದಾಟಿದ ಮೇಲೂ ಐಸಿಯುನಲ್ಲೇ ಉಳಿದಾಗ. ಅಲ್ಲಿ ಮೂಗಿಗೆ, ಗಂಟಲಿಗೆ, ಮೂತ್ರಕ್ಕೆ ಟ್ಯೂಬು. ಕಿತ್ತುಕೊಳ್ಳದ ಹಾಗೆ ಕೆಲವು ಸಲ ಕೈ ಕಟ್ಟಿರುತ್ತಾರೆ. ಮನೆಯವರಿಗೆ ನೋಡಲು ಸ್ವಲ್ಪವೇ ಹೊತ್ತು. ಆಸ್ಪತ್ರೆಯಲ್ಲೇ ಇರಬೇಕು ಅಂತಾದರೆ "ಐಸಿಯು ಬೇಡ, ವಾರ್ಡ್‌ನಲ್ಲಿಟ್ಟು ನೋವು ಬರದ ಹಾಗೆ ನೋಡಿಕೊಳ್ಳಿ" ಅಂತ ಕೇಳಬಹುದು. ಹೀಗೆ ಕೇಳಬಹುದು ಅಂತಲೇ ಬಹಳ ಮನೆಯವರಿಗೆ ಗೊತ್ತಿರುವುದಿಲ್ಲ.

ಮೂರನೆಯದು ಹಾಸ್ಪೈಸ್, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ. ಇವತ್ತಿನ ರೂಪದ ಹಾಸ್ಪೈಸ್ ಶುರುವಾದದ್ದು 1967ರಲ್ಲಿ, ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ. ಅದನ್ನು ಕಟ್ಟಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದರು, ಆಮೇಲೆ ಸಮಾಜಸೇವಕಿ, ಆಮೇಲೆ ಓದಿ ಡಾಕ್ಟರಾದರು. ಸಾಯುವವರ ನೋವು ಬರೀ ಮೈಯದ್ದಲ್ಲ, ಮನಸ್ಸಿನ ಭಯ, ಮನೆಯವರ ಚಿಂತೆ, ಬದುಕಿನ ಬಗ್ಗೆ ಏಳುವ ಪ್ರಶ್ನೆ ಎಲ್ಲ ಸೇರಿದ್ದು ಅಂತ ಅವರು ಹೇಳಿದರು. ಈ ಆರೈಕೆ ಅದರ ಮೇಲೇ ನಿಂತಿದೆ. ಇದು ಕಟ್ಟಡವೇ ಆಗಬೇಕಿಲ್ಲ. ಎಷ್ಟೋ ಕಡೆ ಹಾಸ್ಪೈಸ್ ತಂಡವೇ ಮನೆಗೆ ಬರುತ್ತದೆ.

"ಅಲ್ಲಿಗೆ ಸೇರಿಸಿದರೆ ಬೇಗ ಹೋಗಿಬಿಡ್ತಾರೆ" ಅನ್ನುವ ಭಯ ಬಹಳ ಜನಕ್ಕಿದೆ. 2010ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು, ಮೈಯಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆದದ್ದು. ಅರ್ಧದಷ್ಟು ಜನಕ್ಕೆ ಎಂದಿನ ಕ್ಯಾನ್ಸರ್ ಚಿಕಿತ್ಸೆ ಮಾತ್ರ. ಉಳಿದವರಿಗೆ ಅದರ ಜೊತೆ ಮೊದಲಿಂದಲೇ ಉಪಶಾಮಕ ಆರೈಕೆ. ಎರಡನೇ ಗುಂಪಿನವರ ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು, ಖಿನ್ನತೆ ಕಮ್ಮಿಯಿತ್ತು. ಕೊನೆಯಲ್ಲಿ ಅವರು ಜೋರು ಚಿಕಿತ್ಸೆ ಕಮ್ಮಿ ತೆಗೆದುಕೊಂಡರೂ ಬದುಕಿದ್ದು ಜಾಸ್ತಿ: ಮಧ್ಯಮ ಲೆಕ್ಕದಲ್ಲಿ 11.6 ತಿಂಗಳು, ಇನ್ನೊಂದು ಗುಂಪಿಗೆ 8.9. ಎಲ್ಲ ಕಾಯಿಲೆಗೂ ಇದೇ ಲೆಕ್ಕ ಅಂತ ಹೇಳಲಾಗದು. ಆದರೆ ಉಪಶಾಮಕ ಆರೈಕೆ ಅಂದರೆ ಕೈಬಿಟ್ಟಂತೆ ಅನ್ನುವ ಮಾತು ನಿಲ್ಲುವುದಿಲ್ಲ. ಕೀಮೋ ನಡೆಯುತ್ತಿರುವಾಗಲೇ ಇದನ್ನೂ ಶುರು ಮಾಡಬಹುದು. ಹಾಸ್ಪೈಸ್ ಬರುವುದು ಗುಣಪಡಿಸುವ ಚಿಕಿತ್ಸೆ ನಿಲ್ಲಿಸಿದ ಮೇಲೆ.

ಹಾಗಾದರೆ ಯಾವುದು? ನೋಡಿಕೊಳ್ಳಲು ಇಬ್ಬರು ಮೂವರು, ರಾತ್ರಿಗೆ ಫೋನು, ಡಬ್ಬದಲ್ಲಿ ಔಷಧಿ ಇದ್ದರೆ ಮನೆ. ಇದರಲ್ಲಿ ಒಂದು ಇಲ್ಲದಿದ್ದರೂ ಹಾಸ್ಪೈಸ್. ಕಾಯಿಲೆ ಗುಣವಾಗಬಹುದು ಅನ್ನುವ ಗಟ್ಟಿ ಕಾರಣವಿದ್ದರೆ ಆಸ್ಪತ್ರೆ. ಒಬ್ಬಂಟಿ ಮಗಳೋ ಸೊಸೆಯೋ ಎಲ್ಲವನ್ನೂ ಹೊತ್ತುಕೊಂಡು ತಾನೇ ಹಾಸಿಗೆ ಹಿಡಿಯುವುದಕ್ಕಿಂತ ಹಾಸ್ಪೈಸ್‌ಗೆ ಸೇರಿಸಿ ದಿನವಿಡೀ ಮಗಳಾಗಿಯೇ ಪಕ್ಕದಲ್ಲಿ ಕೂರುವುದು ಒಳ್ಳೆಯದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಚಿಕಿತ್ಸೆ: ಎಲ್ಲಿಯವರೆಗೆ

ಡಾಕ್ಟರ ಮುಂದೆ ಮನೆಯವರು ಹೇಳುವುದು ಎರಡೇ ಮಾತು. ಒಂದು "ಏನು ಬೇಕಾದರೂ ಮಾಡಿ, ಉಳಿಸಿಕೊಡಿ". ಇನ್ನೊಂದು "ಸಾಕು, ಏನೂ ಬೇಡ". ಎರಡರಿಂದಲೂ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಚಿಕಿತ್ಸೆಗಳನ್ನು ಒಂದೊಂದಾಗಿ ನೋಡಬೇಕು.

ಎದೆ ಒತ್ತಿ ಹೃದಯ ಮತ್ತೆ ಶುರು ಮಾಡುವ ಸಿಪಿಆರ್ ಇವತ್ತಿನ ರೂಪಕ್ಕೆ ಬಂದದ್ದು 1960ರಲ್ಲಿ. ಹಠಾತ್ತಾಗಿ ಹೃದಯ ನಿಂತ, ಮಿಕ್ಕಂತೆ ಗಟ್ಟಿಯಾಗಿದ್ದವರಿಗೆ ಅದು ಪ್ರಾಣ ಉಳಿಸುವ ವಿದ್ಯೆ. ಸಿನಿಮಾದಲ್ಲಿ ನೋಡಿದರೆ ಎಲ್ಲರೂ ಎದ್ದು ಕೂರುತ್ತಾರೆ. ವಾಸ್ತವದಲ್ಲಿ ಆಸ್ಪತ್ರೆಯೊಳಗೇ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ಸುಮಾರು ಐದರಲ್ಲಿ ಒಬ್ಬರು. ಹರಡಿದ ಕ್ಯಾನ್ಸರ್ ಇದ್ದವರಲ್ಲಿ, ತೀರಾ ಸೊರಗಿದ ಹಿರಿಯರಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ. ಎದೆಗೂಡು ಐದು ಸೆಂಟಿಮೀಟರ್ ತಗ್ಗುವಷ್ಟು ಜೋರಾಗಿ ಒತ್ತಬೇಕಾದ್ದರಿಂದ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಕಾಯಿಲೆ ತನ್ನ ಕೊನೆಯ ಹಂತದಲ್ಲಿದ್ದು ಹೃದಯ ನಿಂತರೆ, ಅದು ನಿಂತದ್ದು ಕಾಯಿಲೆಯಿಂದ. ಎದೆ ಒತ್ತಿದರೆ ಕಾಯಿಲೆ ಹೋಗುವುದಿಲ್ಲ, ಅಲ್ವಾ? ಅಂಥವರಿಗೆ ಸಿಪಿಆರ್ ಬೇಡ ಅಂತ ಬರೆಸುವುದರ ಪರ ನಾನಿದ್ದೇನೆ. ಸಿಪಿಆರ್ ಬೇಡ ಅಂದರೆ ಚಿಕಿತ್ಸೆಯೇ ಬೇಡ ಅಂತ ಅರ್ಥವಲ್ಲ. ಆಂಟಿಬಯಾಟಿಕ್, ಆಮ್ಲಜನಕ, ನೋವಿನ ಔಷಧಿ ಎಲ್ಲ ಮುಂದುವರಿಯುತ್ತವೆ.

ವೆಂಟಿಲೇಟರ್ ವಿಷಯದಲ್ಲಿ ಹೌದು ಮತ್ತು ಇಲ್ಲದ ನಡುವೆ ಮೂರನೇ ದಾರಿ ಒಂದಿದೆ. "ಇಷ್ಟು ದಿನ ಹಾಕಿ ನೋಡೋಣ, ಇಂಥ ಸುಧಾರಣೆ ಕಾಣದಿದ್ದರೆ ತೆಗೆಯೋಣ" ಅಂತ ಮೊದಲೇ ಗಡುವು ಮಾತಾಡಿಕೊಳ್ಳುವುದು. ಗೊಂದಲದಲ್ಲಿರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. ಕೆಲವು ಕಡೆ ಕಾನೂನಿನ ಪ್ರಕಾರ, ಹಾಕುವ ಮುಂಚೆ ಬೇಡ ಅನ್ನುವುದಕ್ಕಿಂತ ಹಾಕಿದ್ದನ್ನು ತೆಗೆಸುವುದಕ್ಕೆ ಜಾಸ್ತಿ ಕಾಗದಪತ್ರ ಬೇಕಾಗುತ್ತದೆ. ಗಡುವು ಮಾತಾಡುವಾಗಲೇ ಅದನ್ನೂ ಕೇಳಿ.

ವೆಂಟಿಲೇಟರ್ ತೆಗೆದ ಕೂಡಲೇ ಎಲ್ಲರೂ ತೀರಿಕೊಳ್ಳುತ್ತಾರೆ ಅಂತಲೂ ಇಲ್ಲ. ಅಮೆರಿಕದ ಕ್ಯಾರೆನ್ ಆನ್ ಕ್ವಿನ್‌ಲನ್ 1975ರಲ್ಲಿ 21ನೇ ವಯಸ್ಸಿಗೆ ಪ್ರಜ್ಞೆ ಕಳೆದುಕೊಂಡಳು. ಅವಳ ತಂದೆ ತಾಯಿ ಕೋರ್ಟಿಗೆ ಹೋಗಿ 1976ರಲ್ಲಿ ವೆಂಟಿಲೇಟರ್ ತೆಗೆಸುವ ಅನುಮತಿ ಪಡೆದರು. ತೆಗೆದ ಮೇಲೂ ಅವಳು ತಾನೇ ಉಸಿರಾಡಿದಳು. ಟ್ಯೂಬಿನ ಆಹಾರವನ್ನು ಅವರು ನಿಲ್ಲಿಸಲಿಲ್ಲ. ಪ್ರಜ್ಞೆ ಬಾರದೆಯೇ 1985ರವರೆಗೆ ಬದುಕಿದ್ದಳು. ಅದಕ್ಕೇ ಹೇಳುವುದು, ವೆಂಟಿಲೇಟರ್ ಬಗ್ಗೆ ಬರೆಯುವಾಗ ಟ್ಯೂಬಿನ ಆಹಾರದ ಬಗ್ಗೆಯೂ ಬೇರೆಯಾಗಿ ಬರೆಯಬೇಕು.

ಈ ಟ್ಯೂಬಿನ ವಿಷಯವೇ ಮನೆಯವರಿಗೆ ಎಲ್ಲಕ್ಕಿಂತ ಕಷ್ಟ. "ಹಸಿದುಕೊಂಡು ಹೋಗಲಿ ಅಂತ ಬಿಡೋದಾ?" ಅನ್ನುವ ಪ್ರಶ್ನೆ ಎದೆಗೆ ನಾಟುತ್ತದೆ. ಇಲ್ಲಿ ಕಾಯಿಲೆ ಯಾವುದು ಅನ್ನುವುದು ಮುಖ್ಯ. ಪಾರ್ಶ್ವವಾಯು ಹೊಡೆದು ನುಂಗಲಾಗದೆ ಇದ್ದು, ಚೇತರಿಸಿಕೊಳ್ಳುವ ದಾರಿಯಲ್ಲಿರುವವರಿಗೆ ಟ್ಯೂಬು ಬೇಕೇ ಬೇಕು. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಕೊನೆಯ ಹಂತಕ್ಕೆ ಬಂದವರಿಗೆ ಟ್ಯೂಬು ಹಾಕಿದರೆ ಆಯಸ್ಸು ಹೆಚ್ಚುತ್ತದೆ ಅಥವಾ ಆಹಾರ ಶ್ವಾಸಕೋಶಕ್ಕೆ ಇಳಿಯುವುದು ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಹಾಗಾಗಿ ಅವರಿಗೆ ಟ್ಯೂಬು ಬೇಡ, ಚಮಚದಲ್ಲಿ ತಾಳ್ಮೆಯಿಂದ ತಿನ್ನಿಸಿ ಅಂತ ಅಮೆರಿಕದ ವೃದ್ಧರೋಗ ತಜ್ಞರ ಸಂಘ ಹೇಳುತ್ತದೆ. ಇನ್ನು ಕೊನೆಯ ಕೆಲವೇ ದಿನಗಳಲ್ಲಿ ದೇಹಕ್ಕೆ ಹಸಿವೆಯೇ ಇರುವುದಿಲ್ಲ. ಊಟ ನಿಂತದ್ದರಿಂದ ಸಾವು ಬರುತ್ತಿಲ್ಲ, ಸಾವು ಹತ್ತಿರವಾದ್ದರಿಂದ ಊಟ ನಿಂತಿದೆ. ಆಗ ಡ್ರಿಪ್ ಏರಿಸಿದರೆ ಕೈಕಾಲು ಊದಿಕೊಂಡು, ಗಂಟಲಿನ ಕಫ ಹೆಚ್ಚುವ ಸಾಧ್ಯತೆಯೇ ಇದೆ. ಬಾಯಿ ಒದ್ದೆ ಮಾಡುತ್ತಿರುವುದು ಹೆಚ್ಚು ಸಮಾಧಾನ ಕೊಡುತ್ತದೆ.

ಮಾರ್ಫಿನ್‌ಗೆ ಹೆದರಬೇಡಿ. ನೋವಿಗೆ ತಕ್ಕ ಪ್ರಮಾಣದಲ್ಲಿ, ಗೊತ್ತಿರುವ ಡಾಕ್ಟರ ಕೈಯಲ್ಲಿ ಕೊಟ್ಟರೆ ಅದು ಸಾವನ್ನು ಬೇಗ ತರುವುದಿಲ್ಲ. ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿಕೊಟ್ಟಿತು, ಅದರ ಮೇಲಿನ ಮೆಟ್ಟಿಲಲ್ಲಿ ಇರುವುದು ಇದೇ ಮಾರ್ಫಿನ್. ಇದರಿಂದ ಮಲಬದ್ಧತೆ ಆಗೇ ಆಗುತ್ತದೆ. ಆದ್ದರಿಂದ ಮೊದಲ ದಿನವೇ ಅದಕ್ಕೂ ಔಷಧಿ ಕೇಳಿ ಬರೆಸಿಕೊಳ್ಳಿ.

ಹೃದಯಕ್ಕೆ ಷಾಕ್ ಕೊಡುವ ಯಂತ್ರ, ಐಸಿಡಿ, ಎದೆಯಲ್ಲಿ ಕೂರಿಸಿಕೊಂಡಿದ್ದರೆ ಇನ್ನೊಂದು ತೀರ್ಮಾನ ಬಾಕಿ ಇದೆ. ಸಾಯುವ ಹೊತ್ತಿಗೆ ಹೃದಯದ ಬಡಿತ ಏರುಪೇರಾದಾಗ ಅದು ಮತ್ತೆ ಮತ್ತೆ ಷಾಕ್ ಕೊಡಬಹುದು. ಅದು ತುಂಬಾ ನೋವಿನದು, ಪಕ್ಕದಲ್ಲಿರುವವರೂ ನೋಡಲಾರರು. ಆಪರೇಷನ್ ಏನೂ ಬೇಡ, ಹೊರಗಿಂದಲೇ ಷಾಕ್ ಭಾಗವನ್ನು ಆಫ್ ಮಾಡುತ್ತಾರೆ. ಮನೆಯನ್ನೋ ಹಾಸ್ಪೈಸನ್ನೋ ಆರಿಸಿದ ದಿನವೇ ಹೃದಯದ ಡಾಕ್ಟರ ಹತ್ತಿರ ಈ ಮಾತು ಎತ್ತಿ.

ಕಾಗದವೋ, ಮಾತಾಡುವ ಮನುಷ್ಯರೋ

ಚಿಕಿತ್ಸೆಯ ಇಷ್ಟಾನಿಷ್ಟ ಬರೆದಿಡುವ ಲಿವಿಂಗ್ ವಿಲ್ ಒಂದು ದಾರಿ. ನನ್ನ ಪರವಾಗಿ ತೀರ್ಮಾನ ಮಾಡಲು ಇಂಥವರು ಅಂತ ಒಬ್ಬರನ್ನು ನೇಮಿಸುವುದು ಇನ್ನೊಂದು. ಕಾಗದದ ಯೋಚನೆಯನ್ನು 1969ರಲ್ಲಿ ಲೂಯಿಸ್ ಕಟ್ನರ್ ಅನ್ನುವ ಅಮೆರಿಕದ ವಕೀಲರು ಮುಂದಿಟ್ಟರು. 1976ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಭಾರತದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. 2023ರಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು ಅಂದಿತು.

ಕಾಗದದ ಬಲ ಅದು ಬದಲಾಗುವುದಿಲ್ಲ ಅನ್ನುವುದು. ಅದರ ಸೋಲೂ ಅದೇ. ಮುಂದೆ ಯಾವ ಕಾಯಿಲೆ, ಯಾವ ಪರಿಸ್ಥಿತಿ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. "ವೆಂಟಿಲೇಟರ್ ಬೇಡ" ಅಂತ ಬರೆದವರಿಗೆ ನಾಲ್ಕು ದಿನದ ವೆಂಟಿಲೇಟರ್‌ನಿಂದ ಪೂರ್ತಿ ಗುಣವಾಗುವ ನ್ಯುಮೋನಿಯಾ ಬಂದರೆ? ಮನುಷ್ಯರಾದರೆ ಆ ಹೊತ್ತಿಗೆ ಡಾಕ್ಟರನ್ನು ಕೇಳಿ, ಯೋಚಿಸಿ ಹೇಳುತ್ತಾರೆ. ಆದರೆ ಅವರ ಕೈಯಲ್ಲಿ ಏನೂ ಬರಹ ಇಲ್ಲದಿದ್ದರೆ ಉಳಿದವರು ಅವರ ಮಾತನ್ನು ಒಪ್ಪುವುದಿಲ್ಲ. ಅಮೆರಿಕದ ಟೆರ್ರಿ ಷಿಯಾವೋ 1990ರಲ್ಲಿ 26ನೇ ವಯಸ್ಸಿಗೆ ಹೃದಯ ನಿಂತು ಮೆದುಳಿಗೆ ಪೆಟ್ಟಾಗಿ ಪ್ರಜ್ಞೆ ಕಳೆದುಕೊಂಡಳು. ಅವಳು ಏನನ್ನೂ ಬರೆದಿಟ್ಟಿರಲಿಲ್ಲ. ಹೀಗೆ ಬದುಕಲು ಅವಳಿಗೆ ಇಷ್ಟವಿರಲಿಲ್ಲ ಅಂತ ಗಂಡ, ಇತ್ತು ಅಂತ ತಂದೆ ತಾಯಿ. 1998ರಲ್ಲಿ ಕೋರ್ಟಿಗೆ ಹೋದ ವಿಷಯ ಮುಗಿದದ್ದು 2005ರಲ್ಲಿ, ಅವಳ ಸಾವಿನೊಂದಿಗೆ. ಅವಳನ್ನು ಪ್ರೀತಿಸುತ್ತಿದ್ದವರೇ ಎರಡು ಪಾಲಾಗಿ ಹೋದರು.

ಎರಡೂ ಬೇಕು. ಒಂದನ್ನೇ ಮಾಡುವಷ್ಟು ಶಕ್ತಿ ಇದ್ದರೆ ಮನುಷ್ಯರನ್ನು ಆರಿಸಿ. ಹಿರಿಯ ಮಗ ಅನ್ನುವ ಕಾರಣಕ್ಕೆ, ಹತ್ತಿರದಲ್ಲಿದ್ದಾರೆ ಅನ್ನುವ ಕಾರಣಕ್ಕೆ ಆರಿಸಬೇಡಿ. ನಿಮ್ಮನ್ನು ಕಳೆದುಕೊಳ್ಳುವ ದುಃಖದಲ್ಲೂ ನಿಮಗೆ ಬೇಕಾದ್ದನ್ನೇ ಹೇಳುವ ಗಟ್ಟಿತನ ಯಾರಿಗಿದೆಯೋ ಅವರನ್ನು ಆರಿಸಿ. ಕೆಲವು ಸಲ ಅದು ತಂಗಿಯೋ ಹಳೆಯ ಗೆಳೆಯನೋ ಆಗಿರುತ್ತಾರೆ. ಅವರು ಸಿಗದಿದ್ದರೆ ಇನ್ನೊಬ್ಬರ ಹೆಸರನ್ನೂ ಬರೆಯಿರಿ. ಉಳಿದ ಎಲ್ಲರಿಗೂ ನೀವೇ ಬಾಯಿಬಿಟ್ಟು ಹೇಳಿ, ಅವರ ಎದುರಿಗೇ.

ಬರೆಯುವಾಗ ಯಂತ್ರಗಳ ಪಟ್ಟಿಗಿಂತ, ಯಾವ ಸ್ಥಿತಿಯಲ್ಲಿ ಬದುಕು ನಿಮಗೆ ಸಾಕು ಅಂತ ಬರೆಯಿರಿ. "ಮನೆಯವರನ್ನು ಗುರುತಿಸಿ ನಾಲ್ಕು ಮಾತಾಡುವಂತಿದ್ದರೆ ಗಾಲಿಕುರ್ಚಿಯಾದರೂ ಪರವಾಗಿಲ್ಲ. ಯಾರನ್ನೂ ಗುರುತಿಸಲಾಗದೆ, ಮತ್ತೆ ಸರಿಹೋಗುವ ಆಸೆಯೂ ಇಲ್ಲದಿದ್ದರೆ ಯಂತ್ರದ ಮೇಲೆ ಇಡಬೇಡಿ." ಇಷ್ಟು ಎರಡು ವಾಕ್ಯ ಡಾಕ್ಟರಿಗೆ ಎಷ್ಟೋ ದಾರಿ ತೋರಿಸುತ್ತದೆ. ಹೊಸ ಕಾಯಿಲೆ ಗೊತ್ತಾದಾಗಲೆಲ್ಲ ತೆಗೆದು ಓದಿ, ಮನಸ್ಸು ಬದಲಾಗಿದ್ದರೆ ತಿದ್ದಿ.

ಈ ಕಾಗದವನ್ನೂ ಆಸ್ತಿಯ ಉಯಿಲನ್ನೂ ಒಂದೇ ಮಾಡಬೇಡಿ. ಉಯಿಲು ತೆಗೆದು ಓದುವುದು ಎಷ್ಟೋ ಸಲ ಅಂತ್ಯಕ್ರಿಯೆ ಮುಗಿದ ಮೇಲೆ. ಅದರೊಳಗೆ "ನನ್ನ ಕಣ್ಣು ದಾನ ಮಾಡಿ" ಅಂತ ಬರೆದಿದ್ದರೆ ಏನು ಪ್ರಯೋಜನ? ಬ್ಯಾಂಕ್ ಲಾಕರಿನಲ್ಲಿಟ್ಟರೂ ಅದೇ ಕಥೆ, ತೆಗೆಯುವ ಅಧಿಕಾರ ಇದ್ದವರೇ ಹೋಗಿರುತ್ತಾರೆ.

ದೇಹ: ದಾನ, ದಹನ, ಮಣ್ಣು

ಇಲ್ಲಿಯೇ ಒಂದು ಆಯ್ಕೆ ಇನ್ನೊಂದನ್ನು ಮುಚ್ಚುವುದು ಚೆನ್ನಾಗಿ ಕಾಣುತ್ತದೆ. ಹೃದಯ, ಯಕೃತ್ತು, ಮೂತ್ರಪಿಂಡ ದಾನ ಮಾಡಬೇಕಾದರೆ ಸಾವು ಆಸ್ಪತ್ರೆಯಲ್ಲೇ ಆಗಬೇಕು, ಹೆಚ್ಚಾಗಿ ವೆಂಟಿಲೇಟರ್ ಮೇಲಿದ್ದು ಮೆದುಳು ನಿಷ್ಕ್ರಿಯವಾದಾಗ. ಮನೆಯಲ್ಲಿ ತೀರಿಕೊಂಡರೆ ಈ ಅಂಗಗಳಿಗೆ ರಕ್ತ ನಿಂತು ಉಪಯೋಗಕ್ಕೆ ಬಾರದಾಗುತ್ತವೆ. "ವೆಂಟಿಲೇಟರ್ ಬೇಡ" ಮತ್ತು "ಅಂಗದಾನ ಮಾಡಿ" ಎರಡನ್ನೂ ಬರೆದವರು, ದಾನಕ್ಕಾಗಿ ಸ್ವಲ್ಪ ಹೊತ್ತು ವೆಂಟಿಲೇಟರ್ ಇಟ್ಟುಕೊಳ್ಳಬಹುದು ಅಂತ ಒಂದು ಸಾಲು ಸೇರಿಸಬೇಕು. ಇಲ್ಲದಿದ್ದರೆ ಒಂದು ಸಾಲು ಇನ್ನೊಂದನ್ನು ಕಟ್ಟಿಹಾಕುತ್ತದೆ.

ಕಣ್ಣಿಗೆ ಈ ಕಟ್ಟು ಇಲ್ಲ. ಮನೆಯಲ್ಲಿ ತೀರಿಕೊಂಡವರೂ ಕೊಡಬಹುದು. ತೆಗೆಯುವುದು ಸಾಮಾನ್ಯವಾಗಿ 6 ಗಂಟೆಯೊಳಗೆ ಆಗಬೇಕು. ಕನ್ನಡಕ ಹಾಕುತ್ತಿದ್ದವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಕೊಡಬಹುದು. ಎಚ್‌ಐವಿ, ರೇಬಿಸ್, ರಕ್ತದ ಕ್ಯಾನ್ಸರ್‌ನಂಥ ಕೆಲವು ಕಾಯಿಲೆ ಇದ್ದರೆ ಆಗದು. ಮನೆಯವರು ಮಾಡಬೇಕಾದ್ದು ಇಷ್ಟೆ: ನೇತ್ರ ಬ್ಯಾಂಕ್‌ಗೆ ಫೋನು ಮಾಡಿ, ರೆಪ್ಪೆ ಮುಚ್ಚಿ, ಅದರ ಮೇಲೆ ಒದ್ದೆ ಹತ್ತಿ ಇಡಿ. ತಲೆ ಕೆಳಗೆ ದಿಂಬು ಕೊಡಿ. ಫ್ಯಾನ್ ನಿಲ್ಲಿಸಿ, ಏಕೆಂದರೆ ಗಾಳಿಗೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ಒಣಗುತ್ತದೆ. ಆ ತಂಡ ಬಂದು ಹೋಗಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಮುಖವೂ ಕೆಡುವುದಿಲ್ಲ. ಎಲ್ಲ ಆಯ್ಕೆಗಳಲ್ಲಿ ಇದು ಅತಿ ಸುಲಭ. ಉಳಿದದ್ದು ಏನನ್ನು ಆರಿಸಿದರೂ ಇದನ್ನು ಅದರ ಜೊತೆ ಸೇರಿಸಬಹುದು.

ಪೂರ್ತಿ ದೇಹವನ್ನು ವೈದ್ಯ ಕಾಲೇಜಿಗೆ ಕೊಡುವುದು ದೊಡ್ಡ ಮನಸ್ಸಿನ ಕೆಲಸ. ಆದರೆ ಬೇಕು ಅಂದ ಮಾತ್ರಕ್ಕೆ ಆಗಿಬಿಡುವುದಿಲ್ಲ. ಪೋಸ್ಟ್‌ಮಾರ್ಟಂ ಆದ ದೇಹವನ್ನು, ಅಂಗಗಳನ್ನು ತೆಗೆದ ದೇಹವನ್ನು, ಸೋಂಕಿನ ಕಾಯಿಲೆ ಇದ್ದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಮಾತ್ರ ಕೊಟ್ಟಿದ್ದರೆ ಹೆಚ್ಚಾಗಿ ಒಪ್ಪುತ್ತಾರೆ. ಮನೆಯಲ್ಲಿ ಸಾಯುವ ಯೋಜನೆ ಇಲ್ಲಿ ಮತ್ತೆ ಬರುತ್ತದೆ. ಯಾವ ಡಾಕ್ಟರೂ ನೋಡುತ್ತಿರದ ವ್ಯಕ್ತಿ ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣ ಬರೆದುಕೊಡುವವರು ಸಿಗುವುದಿಲ್ಲ. ವಿಷಯ ಪೋಸ್ಟ್‌ಮಾರ್ಟಂವರೆಗೆ ಹೋಗಬಹುದು, ಅಲ್ಲಿಗೆ ದೇಹದಾನ ಮುಗಿದಂತೆ. ಹಾಗಾಗಿ ನಿಯಮಿತವಾಗಿ ಬಂದು ನೋಡುವ ಒಬ್ಬ ಡಾಕ್ಟರು ಬೇಕೇ ಬೇಕು. ದೇಹದಾನಕ್ಕೆ ಹೆಸರು ಬರೆಸಿದವರೂ "ಅವರು ತೆಗೆದುಕೊಳ್ಳದಿದ್ದರೆ ಹೀಗೆ ಮಾಡಿ" ಅಂತ ಎರಡನೇ ಆಯ್ಕೆ ಬರೆದಿಡಲಿ. ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಮನೆಯವರೇ. ಅವರಿಗೆ ಇಷ್ಟವಿಲ್ಲದಿದ್ದರೆ ನಿಮ್ಮ ನೋಂದಣಿ ಚೀಟಿಗೆ ಬೆಲೆ ಕಮ್ಮಿ.

ದಹನ ಮತ್ತು ಹೂಳುವುದರ ನಡುವೆ ಹೆಚ್ಚಿನವರಿಗೆ ಅವರವರ ನಂಬಿಕೆಯೇ ಉತ್ತರ ಕೊಟ್ಟಿರುತ್ತದೆ. ಅದರ ಮೇಲೆ ನಾನು ಹೇಳುವುದು ಏನಿಲ್ಲ. ನಂಬಿಕೆ ಎರಡಕ್ಕೂ ಒಪ್ಪುವವರಿಗೆ ಕೆಲವು ವ್ಯತ್ಯಾಸ. ಗ್ಯಾಸ್ ಅಥವಾ ವಿದ್ಯುತ್ ಚಿತಾಗಾರದಲ್ಲಿ ಶಾಖ ಸುಮಾರು 760ರಿಂದ 980 ಡಿಗ್ರಿ ಸೆಲ್ಸಿಯಸ್, ಸಾಮಾನ್ಯವಾಗಿ ಒಂದೂವರೆ ಎರಡು ಗಂಟೆಯ ಕೆಲಸ, ಉಳಿಯುವುದು ಎರಡು ಮೂರು ಕಿಲೋ ಅಸ್ಥಿ. ಪೇಸ್‌ಮೇಕರ್ ಇದ್ದರೆ ಮೊದಲೇ ತೆಗೆಸಬೇಕು, ಅದರ ಬ್ಯಾಟರಿ ಶಾಖಕ್ಕೆ ಸಿಡಿಯುತ್ತದೆ. ಮನೆಯಲ್ಲಿ ಸಾವಾದಾಗ ಇದನ್ನು ಹೇಳಲು ಮರೆಯುತ್ತಾರೆ, ಆದ್ದರಿಂದ ಕಾಗದದಲ್ಲೇ ಬರೆದಿಡಿ. ಹೂಳಿದರೆ ಹೋಗಿ ಕೂರಲು ಒಂದು ಜಾಗ ಉಳಿಯುತ್ತದೆ, ಮುಂದೆ ಎಂದಾದರೂ ಸಾವಿನ ಬಗ್ಗೆ ಪ್ರಶ್ನೆ ಎದ್ದರೆ ಪರೀಕ್ಷೆಗೂ ಅವಕಾಶವಿರುತ್ತದೆ. ಸುಟ್ಟ ಮೇಲೆ ಅದಿಲ್ಲ. ಆದರೆ ಸಮಾಧಿಯ ಜಾಗವನ್ನು ಎಷ್ಟು ವರ್ಷಕ್ಕೆ ಕೊಡುತ್ತಾರೆ, ನೋಡಿಕೊಳ್ಳುವುದು ಯಾರು ಅಂತ ಕೇಳಿಕೊಳ್ಳಬೇಕು. ಮಕ್ಕಳು ದೂರ ದೂರ ಇರುವ ಮನೆಗೆ ಅಸ್ಥಿ ಹಂಚಿಕೊಳ್ಳಲಾದರೂ ಆಗುತ್ತದೆ, ಸಮಾಧಿ ಒಂದೇ ಕಡೆ.

ಪರಿಸರದ ಚಿಂತೆ ಇರುವವರಿಗೆ, ದೇಹ ಕೆಡದಂತೆ ಇಡುವ ಫಾರ್ಮಾಲಿನ್ ಹಾಕದೆ, ಕರಗುವ ಬಟ್ಟೆಯಲ್ಲೋ ಪೆಟ್ಟಿಗೆಯಲ್ಲೋ ಹೂಳುವುದು ಹೆಚ್ಚಿನ ಕಡೆ ಸಿಗುವ ಸರಳ ದಾರಿ. ಬಿಸಿ ನೀರು ಮತ್ತು ಕ್ಷಾರದಲ್ಲಿ ದೇಹ ಕರಗಿಸಿ ಮೂಳೆಯ ಪುಡಿ ಕೊಡುವ ವಿಧಾನ ಕೆಲವು ದೇಶಗಳಲ್ಲಿದೆ. ದಕ್ಷಿಣ ಆಫ್ರಿಕದ ಕ್ರೈಸ್ತ ಧರ್ಮಗುರು ಡೆಸ್ಮಂಡ್ ಟುಟು 2021ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರ ಇಷ್ಟದಂತೆ ಹೀಗೇ ಮಾಡಿದರು. ದೇಹವನ್ನು ಮಣ್ಣಾಗಿಸುವ ಇನ್ನೊಂದು ವಿಧಾನಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ಮೊದಲು ಕಾನೂನು ಮಾಡಿತು.

ಖರ್ಚು ಮತ್ತು ಖಾತೆಗಳು

ಅಂತ್ಯಕ್ರಿಯೆಯ ಹಣವನ್ನು ಮುಂಗಡ ಕಟ್ಟುವ ಯೋಜನೆಗಳು ಕೆಲವು ಕಡೆ ಇವೆ. ಇವತ್ತಿನ ದರ ಸಿಗುತ್ತದೆ ಅನ್ನುವುದು ಲಾಭ. ಆದರೆ ನೀವು ಬೇರೆ ಊರಿಗೆ ಹೋದರೆ, ಆ ಸಂಸ್ಥೆಯೇ ಮುಚ್ಚಿದರೆ ಹಣ ವಾಪಸ್ ಬರುತ್ತದಾ ಅಂತ ಬರಹದಲ್ಲಿ ಕೇಳಿ. ಉತ್ತರ ತೊದಲಿದರೆ ಬೇಡ. ನಂಬಿಕೆಯ ಒಬ್ಬರ ಜೊತೆ ಜಂಟಿ ಖಾತೆಯಲ್ಲಿ ಅಷ್ಟು ಹಣ ಬೇರೆಯಾಗಿ ಇಡುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ನಿಮ್ಮೊಬ್ಬರ ಹೆಸರಿನ ಖಾತೆ ಸಾವಿನ ಸುದ್ದಿ ಬ್ಯಾಂಕಿಗೆ ತಲುಪಿದ ಕೂಡಲೇ ನಿಲ್ಲಬಹುದು, ಮೊದಲ ವಾರದ ಖರ್ಚಿಗೆ ಮನೆಯವರು ಸಾಲ ಹುಡುಕಬೇಕಾಗುತ್ತದೆ.

ಫೋನಿನ ಒಳಗಿರುವುದಕ್ಕೂ ಒಂದು ದಾರಿ ಮಾಡಿ. ಗೂಗಲ್ ಖಾತೆಯಲ್ಲಿ, ಇಷ್ಟು ತಿಂಗಳು ಬಳಸದಿದ್ದರೆ ಇಂಥವರಿಗೆ ತಿಳಿಸಿ ಅಂತ ಹೊಂದಿಸಿಡಬಹುದು. ಆಪಲ್ ಮತ್ತು ಫೇಸ್‌ಬುಕ್‌ನಲ್ಲಿ ನಿಮ್ಮ ನಂತರ ಖಾತೆ ನೋಡಿಕೊಳ್ಳುವವರ ಹೆಸರು ಕೊಡಬಹುದು. ನಿಮ್ಮ ಪರ ಮಾತಾಡಲು ಆರಿಸಿದವರಿಗೆ ಕಾಗದದ ಒಂದು ಪ್ರತಿ ಕೊಡುವಾಗ, ಫೋನಿನ ಲಾಕ್ ತೆಗೆಯುವುದು ಹೇಗೆ ಅಂತಲೂ ಹೇಳಿಕೊಡಿ. ಡಾಕ್ಟರ ನಂಬರು, ನೇತ್ರ ಬ್ಯಾಂಕಿನ ನಂಬರು ಇರುವುದು ಅದರೊಳಗೇ.